ಮಧ್ಯದಲ್ಲೇ ನಿಂತ ಮುಳ್ಳು

ನನ್ನ ಮಾವನವರಿಗೆ ಒಂದು ಕೆಟ್ಟ ಚಟವಿದೆ. ಬೇರೆಯವರು ಪರದಾಡುವುದನ್ನು ಕುರ್ಚಿ ಹಾಕಿಕೊಂಡು ಕೂತು ನೋಡುವುದು. ಅದೂ ತಾನಾಗಿ ಬಂದ ಪರದಾಟವಲ್ಲ, ಹಿಂದಿನ ದಿನ ಅವರೇ ಕೈಯಾರೆ ಮಾಡಿಟ್ಟದ್ದು. ಕೇಳಿದವರು ಇದೆಂಥ ಮನುಷ್ಯರಪ್ಪಾ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಇದಕ್ಕೆ ಪರೀಕ್ಷೆ ಎಂದು ಹೆಸರು.

ನಮ್ಮದು ಹಳೆಯ ಎಕ್ಸ್‌ಕವೇಟರುಗಳ ಯಾರ್ಡು. ಯಾರೋ ಹತ್ತು ವರ್ಷ ಮಣ್ಣು ಅಗೆದು ಸಾಕಾಗಿ ಬಿಟ್ಟ ಯಂತ್ರವನ್ನು ತರುತ್ತೇವೆ, ಬಿಚ್ಚುತ್ತೇವೆ, ಸರಿಮಾಡುತ್ತೇವೆ, ಬಣ್ಣ ಹೊಡೆಯುತ್ತೇವೆ, ಮಾರುತ್ತೇವೆ. ಕೆಳಗೆ ಯಾರ್ಡು, ಮೇಲೆ ಮನೆ. ಇಲ್ಲಿಂದ ಹೊರಡುವ ಪ್ರತಿ ಯಂತ್ರದ ಸೀಟಿನ ಕೆಳಗೂ ಒಂದು ತಗಡಿನ ಬಿಲ್ಲೆಯನ್ನು ತಂತಿಯಲ್ಲಿ ಕಟ್ಟಿರುತ್ತೇವೆ. ಆ ಬಿಲ್ಲೆಯ ಮೇಲೆ ಮಾವನವರ ಅಚ್ಚು ಇರುತ್ತದೆ, ಸುತ್ತಿಗೆಯ ಒಂದೇ ಏಟಿಗೆ ಮೂಡಿದ ಪುಟ್ಟ ನಕ್ಷತ್ರ. ಅದಿದ್ದರೆ ಕೊಳ್ಳುವವರು ಇಂಜಿನ್ನಿನ ಬಾಗಿಲು ಕೂಡ ತೆರೆಯುವುದಿಲ್ಲ. ಮೇಷ್ಟ್ರು ನೋಡಿದ್ದಾರಲ್ಲ, ಸಾಕು ಎನ್ನುತ್ತಾರೆ. ಮೇಷ್ಟ್ರು ಎಂದರೆ ನನ್ನ ಮಾವನೇ. ಐದನೆಯ ಕ್ಲಾಸಿಗೇ ಶಾಲೆಗೆ ಕೈಮುಗಿದವರು, ಆದರೂ ಊರಿಗೆಲ್ಲ ಮೇಷ್ಟ್ರು.

ಆರು ವರ್ಷಗಳಿಂದ ಈ ಯಾರ್ಡಿನ ವೈರಿನ ಕೆಲಸವೆಲ್ಲ ನನ್ನದು. ಯಾವ ಸೆನ್ಸರ್ ಸತ್ತಿದೆ, ಯಾವ ಕನೆಕ್ಟರಿನಲ್ಲಿ ಹಸಿರು ತುಕ್ಕು ಕೂತಿದೆ, ಎಲ್ಲಿ ಇಲಿ ಕಡಿದಿದೆ, ಎಲ್ಲ ಹುಡುಕುವವಳು ನಾನು. ನಕ್ಷತ್ರ ಮಾತ್ರ ಅವರದು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಇಬ್ಬರಿಗೂ ಕಾಲ ಬರಲಿಲ್ಲ, ಎಲ್ಲ ಕಾಲವೂ ಮಾವನದೇ. ನನಗೂ ಅಚ್ಚು ಹಾಕುವ ಅಧಿಕಾರ ಬೇಕಿತ್ತು. ಬೇಕಿತ್ತು ಎಂದರೆ ಎಷ್ಟು? ಕನಸಿನಲ್ಲಿ ಬಿಲ್ಲೆ ಬರುತ್ತಿತ್ತು, ಅಷ್ಟು.

ಅದಕ್ಕೆ ದಾರಿ ಒಂದೇ, ಪರೀಕ್ಷೆ. ಬಿಲ್ಲೆ ಕಟ್ಟಿ ಮುಗಿದ ಯಂತ್ರವೊಂದರಲ್ಲಿ ಮಾವ ಹಿಂದಿನ ಸಂಜೆ ಒಂದು ತಪ್ಪು ಬಚ್ಚಿಡುತ್ತಾರೆ. ಬಿಲ್ಲೆ ಕಟ್ಟಿದ ಯಂತ್ರವೇ ಏಕೆಂದರೆ ಅದರಲ್ಲಿ ಬೇರೆ ಯಾವ ದೋಷವೂ ಇರುವುದಿಲ್ಲ, ಅವರು ಇಟ್ಟದ್ದು ಬಿಟ್ಟು. ಬೆಳಿಗ್ಗೆ ಏಳಕ್ಕೆ ಶುರು. ಅತ್ತೆ ಊಟಕ್ಕೆ ತಟ್ಟೆ ಬಡಿಯುವುದರೊಳಗೆ ಹಿಡಿಯಬೇಕು. ಹಿಡಿಯದಿದ್ದರೆ ಇನ್ನೊಂದು ವರ್ಷ ಬಾಯಿ ಮುಚ್ಚಿಕೊಂಡಿರಬೇಕು. ನನ್ನ ಗಂಡ ಎರಡು ಸಲ ಸೋತು, ನನಗೆ ಬಣ್ಣವೇ ಸಾಕಪ್ಪಾ ಎಂದು ಸ್ಪ್ರೇ ಗನ್ ಹಿಡಿದವರು ಇಂದಿಗೂ ಸುಖವಾಗಿದ್ದಾರೆ. ನಾನು ಹೋದ ವರ್ಷ ಸೋತದ್ದು ಮೂರೇ ನಿಮಿಷದಿಂದ, ತಟ್ಟೆ ಬಡಿದ ಮೇಲೆ ಹಿಡಿದೆ. ಸುಟ್ಟ ಫ್ಯೂಸೊಂದನ್ನು ಕಲೆ ಕಾಣದ ಹಾಗೆ ತಿರುಗಿಸಿ ಕೂರಿಸಿದ್ದರು. ನಾನು ಕಣ್ಣಲ್ಲಿ ನೋಡಿ ಬಿಟ್ಟಿದ್ದೆ, ಮೀಟರ್ ಹಿಡಿದಿರಲಿಲ್ಲ. ವರ್ಷವಿಡೀ ಊಟಕ್ಕೆ ಕೂತಾಗಲೆಲ್ಲ, "ಏನಮ್ಮಾ ಮೆಣಸಿನಕಾಯಿ, ಕಣ್ಣಿಗೆ ಕಂಡಿದ್ದೆಲ್ಲ ನಿಜಾನಾ?" ಎಂದು ಹಂಗಿಸಿದರು. ಮೆಣಸಿನಕಾಯಿ ನಾನೇ. ಕೋಪ ಮೂಗಿನ ತುದಿಯಲ್ಲಿದೆಯಂತೆ.

ಈ ವರ್ಷದ ಯಂತ್ರ ಇಪ್ಪತ್ತು ಟನ್ನಿನದು. ಪರೀಕ್ಷೆಗೆಂದು ಅದರ ವೈರನ್ನು ನನಗೆ ಮುಟ್ಟಲು ಬಿಡದೆ ಮಾವ ತಾವೇ ನೋಡಿಕೊಂಡಿದ್ದರು. ನನ್ನ ಗಂಡ ಹತ್ತು ದಿನದ ಹಿಂದೆ ಹಳದಿ ಬಣ್ಣ ಹೊಡೆದಿದ್ದರು, ಮೊನ್ನೆ ಮಾವ ಬಿಲ್ಲೆ ಕಟ್ಟಿದ್ದರು. ಪರೀಕ್ಷೆಯ ದಿನವೇ ಮಧ್ಯಾಹ್ನ ಮೂರಕ್ಕೆ ಅದನ್ನು ಒಯ್ಯಲು ಪಾಯ ತೋಡಿಸುವ ಕಂಟ್ರಾಕ್ಟರ್ ಅಮ್ಮ ಟ್ರೇಲರ್ ತರುವವರಿದ್ದರು.

ನಾನು ಕೈಗೆ ಬಟ್ಟೆ ಸುತ್ತದೆ ಇಂಜಿನ್ನಿನ ಮೇಲೆ ಅಂಗೈ ಇಟ್ಟೆ. ಮಾವ ಹೇಳಿಕೊಟ್ಟ ಮೊದಲ ಪಾಠ ಅದು: ಮೊದಲು ತಣ್ಣಗಿನ ಕಬ್ಬಿಣ ಮುಟ್ಟು, ಆಮೇಲೆ ಕೀಲಿ ಮುಟ್ಟು. ಬಿಸಿಯಾದ ಇಂಜಿನ್ ಅರ್ಧ ರೋಗ ಬಚ್ಚಿಟ್ಟುಕೊಳ್ಳುತ್ತದೆ. ಕಬ್ಬಿಣ ತಣ್ಣಗಿತ್ತು. ಕ್ಯಾಬಿನ್ ಹತ್ತಿ ಕೀಲಿ ತಿರುಗಿಸಿದೆ, ಇಂಜಿನ್ ಶುರು ಮಾಡಲಿಲ್ಲ. ಇಂಜಿನ್ನನ್ನು ತಣಿಸುವ ನೀರು, ಅಂದರೆ ಕೂಲೆಂಟ್, ಎಷ್ಟು ಬಿಸಿಯಾಗಿದೆ ಎಂದು ತೋರಿಸುವ ಮುಳ್ಳು ಟಕ್ಕನೆ ಎದ್ದು ಮಧ್ಯದಲ್ಲಿ ನಿಂತಿತು.

ಅಲ್ಲಾ, ಇಂಜಿನ್ ಇನ್ನೂ ಮಲಗಿದೆ, ಮುಳ್ಳು ಆಗಲೇ ಅರ್ಧ ಬೆಟ್ಟ ಹತ್ತಿ ನಿಂತಿದೆ! ತಣ್ಣಗಿನ ಇಂಜಿನ್ನಿಗೆ ಆ ಮುಳ್ಳು ಎಡಗಡೆ ನೆಲ ಹಿಡಿದು ಬಿದ್ದಿರಬೇಕು. ಇಷ್ಟು ಸುಲಭವೇ ಮಾವ ಎಂದು ನಗು ಬಂತು.

"ಮಾವಾ, ಕೂಲೆಂಟ್ ಮುಳ್ಳು," ಎಂದು ಕ್ಯಾಬಿನ್ನಿನಿಂದಲೇ ಕೂಗಿದೆ. "ಮಧ್ಯದಲ್ಲಿ ನಿಂತಿದೆ."

ಕುರ್ಚಿಯಲ್ಲಿ ಟೀ ಕುಡಿಯುತ್ತಿದ್ದವರು ಲೋಟ ಬಾಯಿಂದ ತೆಗೆದರು. "ಎಲ್ಲಿ ನಿಂತಿದೆ?"

"ಮಧ್ಯದಲ್ಲಿ."

"ಸರಿಯಾಗಿ ನೋಡು."

"ಸರಿಯಾಗೇ ನೋಡ್ದೆ. ಬೇಕಾದ್ರೆ ನೀವೇ ಬಂದು ನೋಡಿ."

ನೋವಿನ ಮಂಡಿ ಹಿಡಿದುಕೊಂಡು ಎದ್ದು ಬಂದರು. ಯಂತ್ರದ ಕೆಳಗಿನ ಉಕ್ಕಿನ ಚೈನಿನ ಮೇಲೆ ಕಾಲಿಟ್ಟು, ಬಾಗಿಲು ಹಿಡಿದು, ಕತ್ತು ಚಾಚಿ ನೋಡಿದರು. ಮುಖ ಇಂಗು ತಿಂದ ಮಂಗನ ಹಾಗಾಯಿತು. ಒಮ್ಮೆ ನನ್ನನ್ನು ನೋಡಿದರು, ಒಮ್ಮೆ ಮುಳ್ಳನ್ನು, ಇನ್ನೊಮ್ಮೆ ಮೇಲಿನ ಅಡುಗೆಮನೆಯ ಕಿಟಕಿಯನ್ನು. "ಹೂಂ, ಮುಂದುವರ್ಸು," ಎಂದು ಹೇಳಿ ಇಳಿದು ಕುರ್ಚಿಯಲ್ಲಿ ಕೂತರು. ಕೂತವರು ಕಾಲು ಕುಣಿಸತೊಡಗಿದರು. ನಾಟಕ ಎಂದುಕೊಂಡೆ ನಾನು. ಈ ಮನುಷ್ಯರು ನಾಟಕದಲ್ಲಿ ಯಾರಿಗೂ ಕಡಿಮೆಯಿಲ್ಲ.

ಇಂಜಿನ್ನಿನ ತಲೆಯ ಪಕ್ಕದಲ್ಲಿ ಹೆಬ್ಬೆರಳಿನಷ್ಟು ಉದ್ದದ ಹಿತ್ತಾಳೆಯ ಸೆನ್ಸರ್ ಇರುತ್ತದೆ, ಅದರ ಮೂಗು ಕೂಲೆಂಟಿನೊಳಗೆ. ತಣ್ಣಗಿದ್ದಾಗ ಕರೆಂಟನ್ನು ಹಿಡಿದಿಟ್ಟುಕೊಳ್ಳುತ್ತದೆ, ಬಿಸಿಯಾದಷ್ಟೂ ಬಿಟ್ಟುಕೊಡುತ್ತದೆ. ಮುಳ್ಳು ಅದು ಹೇಳಿದಂತೆ ಕೇಳುತ್ತದೆ. ಸೆನ್ಸರಿನ ಕನೆಕ್ಟರ್ ಕಿತ್ತರೆ ಮುಳ್ಳು ಕೆಳಗೆ ಬೀಳಬೇಕು. ಕಿತ್ತ ಎರಡು ತುದಿಗಳನ್ನು ತಂತಿಯಿಂದ ಕೂಡಿಸಿದರೆ ಕೆಂಪಿಗೆ ಹಾರಬೇಕು. ಮೂರು ನಿಮಿಷದ ಕೆಲಸ. ನಾನು ಕಿತ್ತೆ, ಮುಳ್ಳು ಅಲ್ಲಾಡಲಿಲ್ಲ. ಕೂಡಿಸಿದೆ, ಆಗಲೂ ಇಲ್ಲ. ಕನೆಕ್ಟರಿನೊಳಗೆ ಟಾರ್ಚ್ ಬಿಟ್ಟು ನೋಡಿದರೆ ಎರಡು ಪಿನ್ನಿನಲ್ಲಿ ಒಂದು ಹಿಂದಕ್ಕೆ ಸರಿದಿತ್ತು, ಅದರ ಮೇಲೆ ಇಕ್ಕಳ ಕಚ್ಚಿದ ಹೊಸ ಗುರುತು. ಸಿಕ್ಕಿಬಿದ್ರಿ ಮಾವ, ಎಂದುಕೊಂಡೆ. ಆದರೆ ಲೆಕ್ಕ ಕೂಡಲಿಲ್ಲ. ಪಿನ್ ಸರಿದಿದ್ದರೆ ಮುಳ್ಳು ಬಿದ್ದಿರಬೇಕು, ನಿಂತಿರಬಾರದು.

ಸೆನ್ಸರನ್ನೇ ಬೇರೆ ಹಾಕಿದ್ದಾರೋ ಎಂಬ ಗುಮಾನಿ ಬಂತು. ಬೇರೆ ಯಂತ್ರದ ಸೆನ್ಸರ್ ನೋಡಲು ಒಂದೇ ಥರ ಇರುತ್ತದೆ, ಹೇಳುವುದು ಬೇರೆ. ಹೋದ ವರ್ಷದ ಫ್ಯೂಸಿನ ಏಟು ತಿಂದವಳು ನಾನು, ಕಣ್ಣನ್ನು ನಂಬುವವಳಲ್ಲ. ಸೆನ್ಸರ್ ತಿರುಗಿಸಿ ತೆಗೆದು, ತೂತಿಗೆ ಬಿರಡೆ ಜಡಿದೆ. ಅಷ್ಟರಲ್ಲಿ ಕೂಲೆಂಟ್ ಮೊಣಕೈವರೆಗೆ ಇಳಿದಿತ್ತು. ಹಾಗೇ ಮೆಟ್ಟಿಲು ಹತ್ತಿ ಅಡುಗೆಮನೆಗೆ ನುಗ್ಗಿದೆ.

"ಅಯ್ಯಯ್ಯೋ, ಹಾಲಿನ ಪಾತ್ರೆನೇ ಬೇಕಿತ್ತಾ ನಿನಗೆ?" ಎಂದರು ಅತ್ತೆ.

"ಅದರ ತಳ ದಪ್ಪ ಅತ್ತೆ, ನೀರು ನಿಧಾನಕ್ಕೆ ಕಾಯತ್ತೆ. ತೊಳೆದು ಕೊಡ್ತೀನಿ."

"ಹೋದ ಸಲಾನೂ ಹಾಗೇ ಅಂದಿದ್ದೆ. ಎರಡು ದಿನ ಹಾಲು ಗ್ಯಾರೇಜಿನ ವಾಸನೆ ಹೊಡೀತಿತ್ತು."

ಬೈದರೂ ಒಲೆ ಹಚ್ಚಿದವರು ಅವರೇ. ಸೆನ್ಸರನ್ನು ತಂತಿಯಲ್ಲಿ ನೀರೊಳಗೆ ಇಳಿಬಿಟ್ಟೆ. ಅತ್ತೆ ಕನ್ನಡಕ ಏರಿಸಿ ಥರ್ಮಾಮೀಟರ್ ಓದಿದರು, ನಾನು ಮೀಟರ್ ಓದಿದೆ. ಇಪ್ಪತ್ತು ಡಿಗ್ರಿಗೆ ಎರಡೂವರೆ ಸಾವಿರ ಓಮ್. ಐವತ್ತಕ್ಕೆ ಎಂಟುನೂರು ಚಿಲ್ಲರೆ. ಎಂಬತ್ತಕ್ಕೆ ಮುನ್ನೂರು. ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ಇರುವ ಹಾಗೇ. ಸೆನ್ಸರ್ ಅಪ್ಪಟ ಸತ್ಯವಂತ.

ಮೀಟರಿನ ಕ್ಲಿಪ್ ಜಾರಿ ಒಲೆಕಟ್ಟೆಯ ಕೆಳಗೆ ಬಿತ್ತು. ನಾನು ಬಗ್ಗಿ ಅದನ್ನು ಹುಡುಕುತ್ತಿದ್ದಾಗ ಮಾವ ಬುಸುಗುಡುತ್ತ ಒಳಗೆ ಬಂದರು. ನಾನು ಅವರಿಗೆ ಕಾಣಲಿಲ್ಲ.

"ಏನೇ, ಅವಳಿಗೆ ಹೇಳ್ಬಿಟ್ಯಾ?"

"ಏನು ಹೇಳೋದು? ನನಗೇನು ಗೊತ್ತಿದೆ ಹೇಳೋಕೆ?"

"ನಿನ್ನೆ ಸಂಜೆ ಕಿಟಕೀಲಿ ನಿಂತು ನೋಡ್ತಿದ್ದೆ ನೀನು! ಯಾರೋ ಕೈ ಹಾಕಿದ್ದಾರೆ ಅದಕ್ಕೆ. ಪಿನ್ನು ಹಿಂದಕ್ಕೆ ತಳ್ಳಿದೀನಿ ಕಣೇ ನಾನು, ಮುಳ್ಳು ನೆಲ ಬಿಟ್ಟು ಏಳಬಾರದು. ಅದು ನೋಡಿದ್ರೆ ರಾಜನ ಹಾಗೆ ಮಧ್ಯದಲ್ಲಿ ಕೂತಿದೆ!"

ಅತ್ತೆ ನಿಧಾನವಾಗಿ ಕನ್ನಡಕ ತೆಗೆದು ಒರೆಸಿಕೊಂಡರು. "ನಾನು ಹೇಳಿರಲಿಲ್ಲ ರೀ. ಈಗ ನೀವೇ ಹೇಳ್ತಾ ಇದೀರ," ಎಂದು ಕೆಳಗೆ ಕೈ ತೋರಿಸಿದರು.

ನಾನು ಕ್ಲಿಪ್ ಹಿಡಿದುಕೊಂಡು ಎದ್ದು ನಿಂತೆ. ಮಾವನ ಬಾಯಿ ತೆರೆದದ್ದು ಮುಚ್ಚಲಿಲ್ಲ.

"ಗುಂಡಿ ತೋಡೋ ಯಂತ್ರ ಮಾರಿ ಮಾರಿ ಕೊನೆಗೆ ತಾವು ತೋಡಿದ ಗುಂಡಿಗೆ ತಾವೇ ಬಿದ್ರು," ಎಂದು ಅತ್ತೆ ಸೆರಗು ಬಾಯಿಗೆ ಹಿಡಿದು ನಗತೊಡಗಿದರು.

"ಇದು ಲೆಕ್ಕಕ್ಕಿಲ್ಲ!" ಎಂದರು ಮಾವ.

"ಪಿನ್ನು ನಾನು ಆಗಲೇ ನೋಡಾಯ್ತು ಮಾವ," ಎಂದೆ. "ನೀವು ತಳ್ಳಿದ ಹಾಗೇ ಇದೆ. ಯಾರೂ ಮುಟ್ಟಿಲ್ಲ."

"ಮುಟ್ಟಿಲ್ವಾ?"

"ಇಲ್ಲ."

"ಹಾಗಾದ್ರೆ ಮುಳ್ಳು ಯಾಕೆ ಮೇಲಿದೆ?"

"ಅದನ್ನೇ ನಾನೂ ಕೇಳ್ತಿದೀನಿ."

ನಾನು ನಗುತ್ತಲೇ ಮೆಟ್ಟಿಲು ಇಳಿದೆ. ಅರ್ಧ ಇಳಿಯುವಷ್ಟರಲ್ಲಿ ನಗು ನಿಂತಿತು. ಸೆನ್ಸರ್ ಈಗ ನನ್ನ ಕೈಯಲ್ಲಿದೆ, ಪಿನ್ ಮುಟ್ಟುತ್ತಿಲ್ಲ, ಆದರೂ ಮುಳ್ಳಿಗೆ ಯಾರೋ ಎಲ್ಲ ಸರಿ ಇದೆ ಎಂದು ಹೇಳುತ್ತಲೇ ಇದ್ದಾರೆ. ಮಾವ ಸುಳ್ಳು ಬಚ್ಚಿಡುವ ಮೊದಲೇ ಇನ್ಯಾರೋ ಒಂದು ಸುಳ್ಳು ಬಚ್ಚಿಟ್ಟಿದ್ದರು.

ಇಂಜಿನ್ನಿನಿಂದ ಕ್ಯಾಬಿನ್ನಿಗೆ ಬರುವ ವೈರಿನ ಕಟ್ಟನ್ನು ಗೇಣು ಗೇಣಾಗಿ ತಡವುತ್ತ ಬಂದೆ. ಕ್ಯಾಬಿನ್ನಿನ ಹಿಂದೆ, ತಿರುವಿನಲ್ಲಿ, ಕಪ್ಪು ಟೇಪಿನ ಗಂಟೊಂದು ಸಿಕ್ಕಿತು. ಬಿಚ್ಚಿದೆ. ಸೆನ್ಸರಿನ ವೈರನ್ನು ಕತ್ತರಿಸಿ ಮಡಿಸಿ ಬಿಟ್ಟಿದ್ದರು. ಮುಳ್ಳಿನ ಕಡೆಯ ತುದಿಗೆ ಬಿಸಿಯಿರಲಿ ತಣ್ಣಗಿರಲಿ ಒಂದೇ ಅಳತೆ ಹೇಳುವ, ಅಕ್ಕಿಕಾಳಿನಷ್ಟು ದೊಡ್ಡ ರೆಸಿಸ್ಟರ್ ಒಂದನ್ನು ಬೆಸೆದು, ಅದರ ಇನ್ನೊಂದು ಕಾಲನ್ನು ಯಂತ್ರದ ಮೈಗೆ ಕಟ್ಟಿದ್ದರು. ಇಂಜಿನ್ ತಣ್ಣಗಿರಲಿ, ಕುದಿಯಲಿ, ಉರಿದು ಹೋಗಲಿ, ಮುಳ್ಳು ಮಧ್ಯ ಬಿಟ್ಟು ಕದಲುವಂತಿಲ್ಲ. ನಮಗೆ ಮಾರಿದವನ ಕೆಲಸ.

ಟೇಪಿನ ಮೇಲೆ ಹಳದಿ ಬಣ್ಣದ ಸಣ್ಣ ಸಣ್ಣ ಹನಿಗಳಿದ್ದವು. ನನ್ನ ಗಂಡ ಬಣ್ಣ ಹೊಡೆದಾಗ ಸಿಡಿದದ್ದು. ಅಂದರೆ ಹತ್ತು ದಿನದ ಹಿಂದೆಯೇ ಈ ಗಂಟು ಇಲ್ಲಿತ್ತು. ಬಿಲ್ಲೆ ಕಟ್ಟಿದ್ದು ಮೊನ್ನೆ.

ಮಾವ ಇದನ್ನು ಹೇಗೆ ಬಿಟ್ಟರು ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಮಂಡಿ ನೋವು ಹೆಚ್ಚಾದ ಮೇಲೆ, ಪರೀಕ್ಷೆಯ ದಿನ ಬಿಟ್ಟರೆ, ಅವರು ಯಾರ್ಡಿಗೆ ಇಳಿಯುವುದು ಹತ್ತು ಗಂಟೆಗೆ. ಅಷ್ಟರಲ್ಲಿ ನನ್ನ ಗಂಡ ಯಂತ್ರವನ್ನು ಶುರು ಮಾಡಿ ನೆರಳಿಗೆ ತಂದು ನಿಲ್ಲಿಸಿರುತ್ತಾರೆ. ಬಿಸಿ ಇಂಜಿನ್ನಿಗೆ ಮುಳ್ಳು ಮಧ್ಯದಲ್ಲಿದ್ದರೆ ಅದರಲ್ಲಿ ತಪ್ಪೇನು ಕಾಣುತ್ತದೆ? ತಣ್ಣಗಿನ ಕಬ್ಬಿಣ ಮುಟ್ಟು ಎಂದು ನನಗೆ ಕಲಿಸಿದವರು ತಾವೇ ಮುಟ್ಟುವುದನ್ನು ಬಿಟ್ಟಿದ್ದರು.

ಗಂಡನನ್ನು ಕರೆದು ತೋರಿಸಿದೆ. ಅವರು ಗಂಟನ್ನು ನೋಡಿದರು, ಹನಿ ನೋಡಿದರು, ಕುರ್ಚಿಯ ಕಡೆ ನೋಡಿದರು.

"ಅಪ್ಪಂಗೆ ಹೇಳ್ತೀಯಾ?"

"ಮತ್ತೆ ಹೇಳದೆ?"

"ಸುಮ್ನೆ ವೈರು ಕೂಡಿಸಿ ಟೇಪ್ ಸುತ್ತಿಬಿಡು ಮಾರಾಯ್ತಿ. ಪಿನ್ನು ಸಿಕ್ಕಿತಲ್ಲ, ನೀನು ಪಾಸು. ಅವರ ಮರ್ಯಾದೆನೂ ಉಳೀತು."

ಆಸೆ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಪಿನ್ ಹಿಡಿದಾಗಿತ್ತು, ಆರು ವರ್ಷದ ಕನಸು ಕೈಗೆಟುಕುವಷ್ಟು ಹತ್ತಿರವಿತ್ತು. ಆದರೆ ಗಾಯವಿಲ್ಲದ ಬೆರಳಿಗೆ ಯಾರೂ ಬಟ್ಟೆ ಕಟ್ಟುವುದಿಲ್ಲ. ಮಾರಿದವನು ಮುಳ್ಳನ್ನು ಕಟ್ಟಿಹಾಕಿದ್ದಾನೆ ಎಂದರೆ ಇಂಜಿನ್ನಿನಲ್ಲಿ ಏನೋ ಇದೆ. ವೈರು ಬೆಸೆದೆ, ಪಿನ್ನು ಮುಂದಕ್ಕೆ ತಂದೆ, ಸೆನ್ಸರ್ ಕೂರಿಸಿ ಕೂಲೆಂಟ್ ತುಂಬಿದೆ. ಕೀಲಿ ತಿರುಗಿಸಿದರೆ ಮುಳ್ಳು ನೆಲದ ಮೇಲೆ ಮಲಗಿತ್ತು, ಹೇಗಿರಬೇಕೋ ಹಾಗೆ. "ಹಿಂದಿನ ಗುಂಡೀಲಿ ಅಗೀರಿ," ಎಂದೆ ಗಂಡನಿಗೆ, "ನಾನು ನಿಲ್ಸಿ ಅನ್ನೋವರೆಗೂ."

ಮುಳ್ಳು ಮೆಲ್ಲಗೆ ಎದ್ದು ಮಧ್ಯಕ್ಕೆ ಬಂತು. ಬಕೆಟ್ ಗಟ್ಟಿ ಮಣ್ಣಿಗೆ ಬಿದ್ದ ಮೇಲೆ ಅಲ್ಲಿಂದ ಮುಂದಕ್ಕೆ ಹೊರಟಿತು. ಇಪ್ಪತ್ತೈದನೆಯ ನಿಮಿಷಕ್ಕೆ ಕೆಂಪು ಮುಟ್ಟಿತು. ಅಲಾರಂ ಕೂಗಿತು. ಪಕ್ಕದ ಕೂಲೆಂಟ್ ಬಾಟಲಿಯಲ್ಲಿ ಗುಳುಗುಳು ಗುಳ್ಳೆ. ಇಂಜಿನ್ನಿನ ತಲೆಗೂ ಮೈಗೂ ನಡುವೆ ನೀರು, ಗಾಳಿ ಸೋರದಂತೆ ತಡೆಯುವ ಹಾಳೆ, ಹೆಡ್ ಗ್ಯಾಸ್ಕೆಟ್, ಹೋಗಿತ್ತು. ಹಾಗೇ ಕಳಿಸಿದ್ದರೆ ವಾರ ತುಂಬುವುದರೊಳಗೆ ಇಂಜಿನ್ ಕಚ್ಚಿಕೊಂಡು ನಿಲ್ಲುತ್ತಿತ್ತು, ಬಿಲ್ಲೆಯ ಮೇಲಿನ ನಕ್ಷತ್ರದ ಸಮೇತ.

ಆಗಲೇ ಅತ್ತೆ ತಟ್ಟೆ ಬಡಿದರು.

ಅಲಾರಂ ಕೇಳಿ ಮಾವ ಕುರ್ಚಿ ಬಿಟ್ಟು ಎದ್ದಿದ್ದರು. ನಾನು ಹೋಗಿ ಅವರ ಅಂಗೈಯಲ್ಲಿ ಆ ಟೇಪು, ರೆಸಿಸ್ಟರ್ ಇಟ್ಟೆ.

"ಇದು ನಾನು ಇಟ್ಟಿದ್ದಲ್ಲ," ಎಂದರು.

"ಗೊತ್ತು ಮಾವ."

ಟೇಪನ್ನು ಕಣ್ಣಿನ ಹತ್ತಿರ ಹಿಡಿದರು. ಹಳದಿ ಹನಿಗಳನ್ನು ಉಗುರಿನಿಂದ ಕೆರೆದರು. ಒಣಗಿದ ಬಣ್ಣ, ಬರಲಿಲ್ಲ. ನಾನು ಕೂಗಾಟಕ್ಕೆ ಸಿದ್ಧವಾಗಿದ್ದೆ. ಅವರು ಕೂಗಲಿಲ್ಲ. "ಬೆಳಿಗ್ಗೆ ನೀನು ಮಧ್ಯದಲ್ಲಿದೆ ಅಂದಾಗಲೇ ನನಗೆ ಹೊಳೀಬೇಕಿತ್ತು," ಎಂದರು. "ಹೊಳೀಲಿಲ್ಲ. ಅಡುಗೆಮನೆಗೆ ಹೋಗಿ ಅವಳ ಮೇಲೆ ರೇಗಿದೆ." ಅಷ್ಟು ಹೇಳಿ ಊಟಕ್ಕೂ ಬರದೆ ಯಂತ್ರದ ಪಕ್ಕದಲ್ಲೇ ಕೂತರು.

ಮೂರಕ್ಕೆ ಕಂಟ್ರಾಕ್ಟರ್ ಅಮ್ಮ ಬಂದರು. ಮಾವ ನಮ್ಮ ಯಾರಿಗೂ ಬಾಯಿ ತೆರೆಯಲು ಬಿಡಲಿಲ್ಲ. ತಾವೇ ಕ್ಯಾಬಿನ್ ಹತ್ತಿ ತಂತಿ ಕತ್ತರಿಸಿ ಬಿಲ್ಲೆ ತಂದು ಆಕೆಯ ಮುಂದೆ ಹಿಡಿದರು.

"ಅಮ್ಮಾ, ಈ ಯಂತ್ರ ಇವತ್ತು ಹೋಗಲ್ಲ. ನಾನು ತಪ್ಪಾಗಿ ಪಾಸು ಮಾಡಿದ್ದೆ. ಇಂಜಿನ್ ಬೇಯ್ತಾ ಇದೆ. ಹಿಡಿದೋಳು ನನ್ನ ಸೊಸೆ."

ಆಕೆ ಬಿಲ್ಲೆಯನ್ನು ತಿರುಗಿಸಿ ನೋಡಿದರು. "ಮೇಷ್ಟ್ರೇ, ನಿಮ್ಮ ನಕ್ಷತ್ರ ನೋಡಿ ಏಳು ಯಂತ್ರ ಒಯ್ದಿದೀನಿ. ಇನ್ಮೇಲೆ ಏನು ನೋಡ್ಲಿ?"

"ಇವಳು ಹೂಂ ಅಂದ್ಲಾ ಇಲ್ವಾ ನೋಡಿ," ಎಂದರು. ಅಂಗಿಯ ಜೇಬಿನಿಂದ ನಕ್ಷತ್ರ ಮೂಡಿಸುವ ಉಕ್ಕಿನ ಅಚ್ಚು ತೆಗೆದು ನನ್ನ ಕೈಗಿಟ್ಟು ಮೆಟ್ಟಿಲು ಹತ್ತಿಬಿಟ್ಟರು. ಆರು ವರ್ಷ ಕಾದದ್ದು ಕೈಗೆ ಬಂದಿತ್ತು. ಕುಣಿಯಬೇಕಿತ್ತು ನಾನು. ಹಾಳಾದ ಅಳು ಬಂತು, ಅದೂ ಗಿರಾಕಿಯ ಎದುರಿಗೇ.

ಮೂರು ದಿನ ಮಾವ ಕೆಳಗೆ ಇಳಿಯಲಿಲ್ಲ. ಮನೆಯಲ್ಲಿ ಕೂತು ಅತ್ತೆಗೆ ಒಲೆ ಹೇಗೆ ಹಚ್ಚಬೇಕು, ಪಾತ್ರೆ ಹೇಗೆ ಜೋಡಿಸಬೇಕು ಎಂದು ಪಾಠ ಹೇಳತೊಡಗಿದರು. "ಇವರನ್ನ ಕೆಳಗೆ ಕರ್ಕೊಂಡು ಹೋಗ್ತೀಯೋ, ಇಲ್ಲಾ ನಾನೇ ಯಾರ್ಡಿಗೆ ಬಂದು ಮಲಗಲೋ?" ಎಂದು ಅತ್ತೆ ನನ್ನನ್ನು ಹಿಡಿದುಕೊಂಡರು. ನಾನು ಕರೆದೆ, ಗಂಡ ಕರೆದರು. ಅವರು ಬರಲಿಲ್ಲ. ನಾಲ್ಕನೆಯ ದಿನ ತಾವಾಗಿಯೇ ನನ್ನ ಹತ್ತಿರ ಬಂದರು.

"ನನಗೊಂದು ಪರೀಕ್ಷೆ ಕೊಡು."

"ಏನಂದ್ರಿ?"

"ನಾಳೆಗೆ ಒಂದು ತಪ್ಪು ಬಚ್ಚಿಡು. ಸುಲಭದ್ದು ಇಡಬೇಡ, ನನಗೆ ಗೊತ್ತಾಗತ್ತೆ. ಹಿಡಿದ್ರೆ ನಿನ್ನ ಜೊತೆ ಕೆಲಸ ಮಾಡ್ತೀನಿ. ಹಿಡೀದಿದ್ರೆ ಇನ್ನು ಯಾರ್ಡಿಗೆ ಕಾಲಿಡಲ್ಲ."

ಹೇಳಿದರೆ ಹೇಳಿದ ಹಾಗೆ ನಡೆಯುವವರು. ಅತ್ತೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು, ಅವರ ಮುಖದಲ್ಲೂ ನಗುವಿರಲಿಲ್ಲ.

ಆ ಸಂಜೆ ಇಕ್ಕಳ ಹಿಡಿದು ಇನ್ನೊಂದು ಯಂತ್ರದ ಸುತ್ತ ತಿರುಗಿದೆ. ಬಚ್ಚಿಡಲು ಜಾಗಕ್ಕೇನು ಬರವೇ? ಐದಾರು ಕಡೆ ಕೈ ಹಾಕಿದೆ, ತೆಗೆದೆ. ಕಷ್ಟದ್ದು ಇಟ್ಟು ಅವರಿಗೆ ಸಿಗದಿದ್ದರೆ? ಸುಲಭದ್ದು ಇಟ್ಟರೆ ಮುಖಕ್ಕೆ ಎಸೆಯುತ್ತಾರೆ. ಆಗ ನನ್ನ ತಲೆಗೆ ಮಾವನಿಗೇ ತಕ್ಕ ಕುತಂತ್ರವೊಂದು ಹೊಳೆಯಿತು. ಏನೂ ಇಡಲಿಲ್ಲ. ಬಾಗಿಲು ಮುಚ್ಚಿ ಬಂದುಬಿಟ್ಟೆ. ಧೈರ್ಯ ಕಳೆದುಕೊಂಡವರಿಗೆ ಪ್ರತಿ ಸ್ಕ್ರೂ ತಪ್ಪಾಗಿ ಕಾಣುತ್ತದೆ. ಅವರ ಕೈಯಲ್ಲಿ ಇನ್ನೂ ವಿದ್ಯೆ ಇದ್ದರೆ, ಇಲ್ಲದ್ದನ್ನು ಇದೆ ಎನ್ನುವುದಿಲ್ಲ. ಇದೆ ಎಂದುಬಿಟ್ಟರೆ? ಗಂಡನಿಗೂ ಹೇಳದೆ ಮಲಗಿದೆ, ನಿದ್ದೆ ಮಾತ್ರ ಬರಲಿಲ್ಲ.

ಬೆಳಿಗ್ಗೆ ಏಳಕ್ಕೆ ಮುಂಚೆಯೇ ಇಳಿದು ಬಂದರು. ಇಂಜಿನ್ನಿನ ಮೇಲೆ ಅಂಗೈ ಇಟ್ಟು ಬಹಳ ಹೊತ್ತು ನಿಂತರು. ನಾನು ಕುರ್ಚಿ ಹಾಕಿಕೊಂಡು ಕೂತೆ. ಆ ಸುಖವೇ ಬೇರೆ ಬಿಡಿ, ಸುಳ್ಳೇಕೆ ಹೇಳಲಿ. ಕೀಲಿ ತಿರುಗಿಸಿ ಮುಳ್ಳು ನೋಡಿದರು. ಕನೆಕ್ಟರುಗಳನ್ನು ಒಂದೊಂದಾಗಿ ಬಿಚ್ಚಿ, ಮೂಸಿ, ಮೀಟರ್ ಹಿಡಿದು, ಮತ್ತೆ ಹಾಕಿದರು. ಫ್ಯೂಸುಗಳನ್ನೆಲ್ಲ ಅಳೆದರು. ವೈರಿನ ಕಟ್ಟನ್ನು ತಲೆಯಿಂದ ಬಾಲದವರೆಗೆ ತಡವಿದರು. ಸೆನ್ಸರ್ ಕಿತ್ತು ಅಡುಗೆಮನೆಗೆ ಒಯ್ದು ಹಾಲಿನ ಪಾತ್ರೆಯಲ್ಲಿ ಕುದಿಸಿದರು. "ಈ ಮನೇಲಿ ಹಾಲು ಕಾಯಿಸೋ ಯೋಗ ನನಗಿದ್ಯೋ ಇಲ್ವೋ!" ಎಂದು ಅತ್ತೆ ಕಿಟಕಿಯಿಂದ ಕೂಗಿದರು. ಹತ್ತೂವರೆಗೆ ಅವರ ಅಂಗಿ ಬೆನ್ನಿಗೆ ಅಂಟಿತ್ತು. ಹನ್ನೆರಡಕ್ಕೆ ಮೊದಲ ಕನೆಕ್ಟರಿನಿಂದ ಮತ್ತೆ ಶುರು ಮಾಡಿದರು. ಸಾಕು, ಹೇಳಿಬಿಡೋಣ ಎಂದು ನಾನು ಎರಡು ಸಲ ಎದ್ದು ಎರಡು ಸಲ ಕೂತೆ.

ಅತ್ತೆ ತಟ್ಟೆ ಬಡಿದರು. ಆ ದಿನ ಬಡಿದದ್ದು ತಡವಾಗಿ, ಅದೂ ಬಹಳ ಮೆಲ್ಲಗೆ.

ಮಾವ ಚೈನಿನ ಮೇಲಿನಿಂದ ಇಳಿದು ನನ್ನೆದುರು ನಿಂತರು. "ಬ್ಯಾಟರಿ ಕ್ಲಾಂಪ್ ಒಂದು ಸಡಿಲ ಇತ್ತು, ಬಿಗಿ ಮಾಡಿದೀನಿ. ಅದು ನೀನು ಮಾಡಿದ್ದಲ್ಲ, ತನ್ನಷ್ಟಕ್ಕೆ ಸಡಿಲಾಗಿದ್ದು. ಅದು ಬಿಟ್ರೆ ಯಂತ್ರ ಸರಿಯಾಗಿದೆ. ಇದ್ರಲ್ಲಿ ಏನೂ ಇಲ್ಲ." ಉಸಿರು ಎಳೆದುಕೊಂಡರು. "ಇದ್ರೆ, ನನಗೆ ಸಿಕ್ಕಿಲ್ಲ. ಅಷ್ಟೇ."

ಒಂದು ಕ್ಷಣ, ಒಂದೇ ಕ್ಷಣ, ನನ್ನ ನಾಲಗೆ ತುರಿಸಿತು. ಇತ್ತು ಮಾವ ಎಂದರೆ ಮುಗಿಯಿತು, ಅವರು ನಂಬುತ್ತಾರೆ. ಮೂರು ನಿಮಿಷಕ್ಕೆ ಒಂದು ವರ್ಷ ಕಾಯಿಸಿದವರು ಇವರು.

"ಇರಲಿಲ್ಲ," ಎಂದೆ. "ನಾನು ಏನೂ ಇಟ್ಟೇ ಇರಲಿಲ್ಲ."

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ನೋಡಿ ಕೂಗಾಟ! "ಮೋಸಗಾತಿ! ಐದೂವರೆ ಗಂಟೆ! ನನ್ನ ಮಂಡಿ ಮುರ್ಕೊಂಡು ಇಲ್ಲದ್ದನ್ನ ಹುಡುಕಿದೆನಲ್ಲೇ! ಎಂಥವಳನ್ನ ತಂದಿದೀಯೋ ನೀನು!" ಎಂದು ಗಂಡನಿಗೂ ಬೈಗುಳ. ಅತ್ತೆ ಮೇಲೆ ಕಿಟಕಿ ಹಿಡಿದು ಬಿದ್ದು ಬಿದ್ದು ನಗುತ್ತಿದ್ದರು. ಊಟಕ್ಕೆ ಮಾವ ಎರಡು ಸಲ ಬಡಿಸಿಕೊಂಡರು.

ಕೈ ತೊಳೆಯುವಾಗ ಅವರು ನನ್ನ ಪಕ್ಕಕ್ಕೆ ಬಂದು ನಿಂತರು. ಯಾರಿಗೂ ಕೇಳದ ಹಾಗೆ ಧ್ವನಿ ತಗ್ಗಿಸಿದರು.

"ನಿಜವಾಗ್ಲೂ ಇರಲಿಲ್ವಾ? ಮುದುಕ ಅಂತ ಕನಿಕರಪಟ್ಟು ಹೇಳ್ತಿಲ್ಲ ತಾನೆ?"

ಅವರ ಕಣ್ಣಲ್ಲಿ ಹೆದರಿಕೆ ಇತ್ತು. ಇಷ್ಟು ವರ್ಷದಲ್ಲಿ ನಾನು ಅದನ್ನು ಅಲ್ಲಿ ಕಂಡಿರಲಿಲ್ಲ. ಎಷ್ಟೇ ಆಣೆ ಹಾಕಿದರೂ ಅದು ಹೋಗುವುದಿಲ್ಲ ಎಂದು ನನಗೆ ತಿಳಿದಿತ್ತು.

"ಕನಿಕರಾನಾ?" ಎಂದೆ, ಸಾಧ್ಯವಾದಷ್ಟು ಖಾರವಾಗಿ. "ಆರು ವರ್ಷ ನನ್ನ ಹೊಟ್ಟೆ ಉರಿಸಿದೀರಿ. ನಿಮ್ಮ ಮೇಲೆ ನನಗ್ಯಾಕೆ ಬರತ್ತೆ ಕನಿಕರ? ಇಟ್ಟಿದ್ದು ನಿಮಗೆ ಸಿಗದಿದ್ರೆ ಊರಿಗೆಲ್ಲ ಡಂಗುರ ಹೊಡಿಸ್ತಿದ್ದೆ."

ಮಾವ ನನ್ನ ಮುಖವನ್ನೇ ನೋಡಿದರು. ಆಮೇಲೆ ತಲೆಯಾಡಿಸಿದರು.

"ಹೌದು ಹೌದು," ಎಂದರು. "ಹೊಡಿಸೋಳೇ ನೀನು." ಕೈ ಒರೆಸಿಕೊಂಡು, ನನಗಿಂತ ಮುಂಚೆ ಮೆಟ್ಟಿಲು ಇಳಿದು ಯಾರ್ಡಿಗೆ ಹೋದರು.